ಒಂದು ಕ್ಯೂಸೆಕ್, ಒಂದು ತಾಸು: ಹಂಚಿಕೊಳ್ಳುವ ನೀರಿನ ಲೆಕ್ಕ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. 1989ರಲ್ಲಿ ಅದನ್ನು ಕಟ್ಟಿದವರು ನದಿದಂಡೆಯ ರೈತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಎತ್ತಿ, ಮೈಮುರಿದು ದುಡಿದು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಈ ಭಾಗದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲೇಬೇಕು. ಅರ್ಥಶಾಸ್ತ್ರದ ಸರಳ ಲೆಕ್ಕವನ್ನು ನಂಬಿದ್ದರೆ ಆ ಬ್ಯಾರೇಜ್ ಏಳುವಂತೆಯೇ ಇರಲಿಲ್ಲ.

ಆ ಲೆಕ್ಕ ಇಷ್ಟೇ. ನೀರು ನಿಂತರೆ ದಂಡೆಯುದ್ದಕ್ಕೂ ಎಲ್ಲರ ಪಂಪಿಗೂ ಸಿಗುತ್ತದೆ. ವಂತಿಗೆ ಕೊಡದವನ ಪೈಪನ್ನು ನದಿಯಿಂದ ಎತ್ತಿ ಹೊರಗೆಸೆಯುವುದು ಕಷ್ಟ. ಹಾಗಾಗಿ ಪ್ರತಿಯೊಬ್ಬನೂ ಒಳಗೊಳಗೇ ಯೋಚಿಸುತ್ತಾನೆ: ಉಳಿದವರು ಕೊಟ್ಟರೆ ನಾನು ಕೊಡದಿದ್ದರೂ ನೀರು ಬರುತ್ತದೆ, ಉಳಿದವರು ಕೊಡದಿದ್ದರೆ ನಾನೊಬ್ಬ ಕೊಟ್ಟು ಏನೂ ಆಗದು. ಎರಡರಲ್ಲೂ ಸುಮ್ಮನಿರುವುದೇ ಲಾಭ. ಎಲ್ಲರೂ ಹೀಗೆ ಯೋಚಿಸಿದರೆ ನದಿ ಬರಿದಾಗಿಯೇ ಉಳಿಯುತ್ತದೆ. ಇಂಥ ಸರಕುಗಳ ಗಣಿತವನ್ನು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಬರೆದರು. ಗುಂಪು ದೊಡ್ಡದಾದಷ್ಟೂ ಪುಕ್ಕಟೆ ಫಲ ಉಣ್ಣುವ ಆಸೆ ಬಲವಾಗುತ್ತದೆ ಎಂದು ಮಂಕರ್ ಓಲ್ಸನ್ 1965ರಲ್ಲಿ ವಾದಿಸಿದರು.

ಒಂದು ವಸ್ತುವನ್ನು ಅರ್ಥಶಾಸ್ತ್ರಜ್ಞರು ಎರಡು ಪ್ರಶ್ನೆಗಳಿಂದ ಅಳೆಯುತ್ತಾರೆ. ದುಡ್ಡು ಕೊಡದವನನ್ನು ಅದರಿಂದ ದೂರ ಇಡಲು ಬರುತ್ತದೆಯೇ? ಒಬ್ಬ ಬಳಸಿದರೆ ಇನ್ನೊಬ್ಬನ ಪಾಲು ಕಡಿಮೆಯಾಗುತ್ತದೆಯೇ? ಸಂತೆಯಲ್ಲಿ ಕೊಂಡ ಜೋಳದ ಚೀಲಕ್ಕೆ ಎರಡೂ ಹೌದು, ಅದು ಖಾಸಗಿ ಸರಕು. ಊರ ಅಗಸಿಯ ಬೀದಿದೀಪಕ್ಕೆ ಎರಡೂ ಇಲ್ಲ, ಅದು ಸಾರ್ವಜನಿಕ ಸರಕು. ಕಾಲುವೆ ನೀರು, ಬೋರ್‌ವೆಲ್ ನೀರು, ಗಾಯರಾಣದ (ಊರ ಗೋಮಾಳದ) ಹುಲ್ಲು ಇವುಗಳಿಂದ ಯಾರನ್ನೂ ದೂರ ಇಡುವುದು ಸುಲಭವಲ್ಲ, ಆದರೆ ಬಳಸಿದಷ್ಟೂ ಕರಗುತ್ತವೆ. ಇವು ಸಾಮೂಹಿಕ ಸಂಪನ್ಮೂಲಗಳು. ಸಾರ್ವಜನಿಕ ಸರಕನ್ನು ಕಟ್ಟಲು ಜನ ಮುಂದೆ ಬರುವುದಿಲ್ಲ, ಸಾಮೂಹಿಕ ಸಂಪನ್ಮೂಲವನ್ನು ಬಳಸಲು ಬೇಕಾದ್ದಕ್ಕಿಂತ ಹೆಚ್ಚು ಜನ ಬರುತ್ತಾರೆ. ಶ್ರಮಬಿಂದು ಸಾಗರದ ಗೋಡೆ ಮೊದಲನೆಯದು, ಅದರ ಹಿಂದೆ ನಿಂತ ನೀರು ಎರಡನೆಯದು. ಗೋಡೆಯ ಸಮಸ್ಯೆಯನ್ನು ಒಮ್ಮೆ ಗೆದ್ದರೆ ಸಾಕು. ನೀರು ಹಂಚುವ ಸಮಸ್ಯೆ ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಎದ್ದು ನಿಲ್ಲುತ್ತದೆ.

ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹುಲ್ಲುಗಾವಲಿನ ಉದಾಹರಣೆ ಕೊಟ್ಟು, ಎಲ್ಲರದೂ ಆದ ಗಾವಲು ಹಾಳಾಗಿಯೇ ತೀರುತ್ತದೆ ಎಂದರು. ಅವರು ಕಲ್ಪಿಸಿಕೊಂಡ ಗಾವಲಿಗೆ ಎಲ್ಲೆಯೂ ಇರಲಿಲ್ಲ, ಕಟ್ಟುಪಾಡೂ ಇರಲಿಲ್ಲ, ದನಗಾಹಿಗಳು ಒಬ್ಬರನ್ನೊಬ್ಬರು ಮಾತನಾಡಿಸುತ್ತಲೂ ಇರಲಿಲ್ಲ. ತಾನು ಹೇಳಿದ್ದು ನಿರ್ವಹಣೆ ಇಲ್ಲದ ಗಾವಲಿಗೆ ಎಂದು ಮುಂದೆ ಅವರೇ ತಿದ್ದಿಕೊಂಡರು. ನಿರ್ವಹಣೆ ಇರುವಲ್ಲಿ ಏನಾಗುತ್ತದೆ ಎಂಬುದನ್ನು ಎಲಿನೋರ್ ಓಸ್ಟ್ರಮ್ ಬದುಕಿಡೀ ಅಧ್ಯಯನ ಮಾಡಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಸರ್ಕಾರ ನಡೆಸಲಿ ಅಥವಾ ಖಾಸಗಿಯವರಿಗೆ ಕೊಡಲಿ ಎಂಬ ಎರಡೇ ದಾರಿ ಇರುವುದಲ್ಲ, ಬಳಸುವವರೇ ನಿಯಮ ಮಾಡಿ ಶತಮಾನಗಟ್ಟಲೆ ಕಾಪಾಡಿಕೊಂಡ ಕಾಲುವೆ, ಕಾಡು, ಮೀನುಗಾರಿಕೆಗಳಿವೆ ಎಂದು ಅವರು ತೋರಿಸಿದರು. ಹಾಗೆಂದು ಇದು ಒಗ್ಗಟ್ಟಿನ ಉಪದೇಶವಲ್ಲ. ಆ ಕಟ್ಟುಪಾಡುಗಳೆಲ್ಲ ನಿಂತಿರುವುದು ಅಳತೆ, ಸರದಿ, ಕಾವಲು ಮತ್ತು ದಂಡದ ಮೇಲೆ. ಅದನ್ನು ನಮ್ಮ ಕಾಲುವೆಯ ಒಂದು ತೂಬಿನಲ್ಲೇ ನೋಡಬಹುದು.

ಮೊದಲು ನೆನಪಿಡಬೇಕಾದ ಅಂಕಿ: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಅದು ಒಂದು ತಾಸು ಹರಿದರೆ ಒಂದು ಎಕರೆಯಲ್ಲಿ ಹೆಚ್ಚುಕಡಿಮೆ ಒಂದು ಇಂಚು ನೀರು ನಿಲ್ಲುತ್ತದೆ. ಇಷ್ಟು ಗೊತ್ತಿದ್ದರೆ ತೂಬಿನ ಜಗಳಗಳಲ್ಲಿ ಅರ್ಧವನ್ನು ಕಾಗದದ ಮೇಲೇ ಬಗೆಹರಿಸಬಹುದು.

ತೂಬಿನಿಂದ ನಿಜವಾಗಿ ಎಷ್ಟು ಬರುತ್ತಿದೆ ಎಂದು ತಿಳಿಯಲು ದುಬಾರಿ ಯಂತ್ರ ಬೇಡ. ಹೊಲಗಾಲುವೆಯಲ್ಲಿ ನೇರವಾಗಿರುವ, ಕಾಂಕ್ರೀಟು ಹಾಕಿದ 10 ಮೀಟರ್ ಉದ್ದವನ್ನು ಗುರುತು ಮಾಡಬೇಕು. ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆಯೇ ಒಂದು ಒಣ ಬೆಂಡಿನ ತುಂಡು ಬಿಟ್ಟು, ಎರಡು ಗುರುತುಗಳ ನಡುವೆ ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಬೇಕು. ನಾಲ್ಕೈದು ಸಲ ಬಿಟ್ಟು ಸರಾಸರಿ ತೆಗೆಯುವುದು ಒಳ್ಳೆಯದು. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ನೀರಿನ ಅಗಲ 60 ಸೆಂ.ಮೀ., ಆಳ 15 ಸೆಂ.ಮೀ., ಬೆಂಡು 27 ಸೆಕೆಂಡಿನಲ್ಲಿ ದಾಟಿತು ಎಂದುಕೊಳ್ಳಿ. 0.6ನ್ನು 0.15ರಿಂದ, ಬಂದದ್ದನ್ನು ಸೆಕೆಂಡಿಗೆ 0.37 ಮೀಟರ್ ವೇಗದಿಂದ, ಮತ್ತೆ 0.85ರಿಂದ ಗುಣಿಸಿದರೆ ಸೆಕೆಂಡಿಗೆ 0.0283 ಘನ ಮೀಟರ್. ಸರಿಯಾಗಿ ಒಂದು ಕ್ಯೂಸೆಕ್. ಗಾಳಿ ಜೋರಾಗಿರುವಾಗ, ಹೂಳು ತುಂಬಿದಾಗ ಈ ಅಳತೆ ದಾರಿ ತಪ್ಪುತ್ತದೆ. ಹೂಳಿದ್ದರೆ ಆಳವನ್ನು ಕಾಲುವೆಯ ತಳದಿಂದ ಅಳೆಯದೆ ಹೂಳಿನ ಮೇಲಿನಿಂದ ಅಳೆಯಬೇಕು.

ಈಗ ಪಾಳಿ. ತೂಬಿನ ಕೆಳಗೆ 80 ಎಕರೆ, ಹರಿವು ಒಂದು ಕ್ಯೂಸೆಕ್ ಎಂದಿರಲಿ. ವಾರಕ್ಕೆ 168 ತಾಸು. ಒಣಗಿದ ಹೊಲಗಾಲುವೆ ತುಂಬಿ ಮುಂದಿನ ಹೊಲದ ಬಾಯಿ ಮುಟ್ಟಲು ಒಟ್ಟು 8 ತಾಸು ಕಳೆಯೋಣ. ಉಳಿದ 160ನ್ನು 80ಕ್ಕೆ ಭಾಗಿಸಿದರೆ ಎಕರೆಗೆ 2 ತಾಸು, ಅಂದರೆ 2 ಇಂಚು. ದಾರಿಯಲ್ಲಿ ಐದರಲ್ಲಿ ಒಂದು ಪಾಲು ಇಂಗಿದರೂ ವಾರಕ್ಕೆ ಸುಮಾರು 40 ಮಿ.ಮೀ. ಸಿಗುತ್ತದೆ. ಹಿಂಗಾರಿನ ಜೋಳಕ್ಕೆ, ಕಡಲೆಗೆ, ಗೋಧಿಗೆ ಇದು ಧಾರಾಳ.

ಮೇಲಿನ 20 ಎಕರೆಯಲ್ಲಿ ಕಬ್ಬು ನಿಂತಿತು ಎನ್ನಿ. ಕಬ್ಬಿಗೆ ಬೇಸಿಗೆಯಲ್ಲಿ ದಿನಕ್ಕೆ 7–8 ಮಿ.ಮೀ. ಬೇಕು. ಹಾಯಿಸಿ ಬಿಡುವ ಪದ್ಧತಿಯಲ್ಲಿ ಎಕರೆಗೆ 4 ತಾಸು ಎಳೆದುಕೊಳ್ಳುತ್ತದೆ. 20 ಎಕರೆಗೆ 80 ತಾಸು ಹೋಯಿತು. ಉಳಿದ 60 ಎಕರೆಗೆ ಇನ್ನುಳಿದ 80 ತಾಸು, ಅಂದರೆ ಎಕರೆಗೆ 80 ನಿಮಿಷ. ಇಂಗಿದ್ದು ಕಳೆದರೆ 27 ಮಿ.ಮೀ. ಇದು ಇಡೀ 60 ಎಕರೆಗೆ ಬರುವ ಸರಾಸರಿ. ಮಧ್ಯದವರು ತಮ್ಮ ಎರಡು ತಾಸನ್ನು ಬಿಡದಿದ್ದರೆ ಕೊನೆಯ 20 ಎಕರೆಗೆ ಹನಿಯೂ ಉಳಿಯುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದೇ ಕಡಿಮೆ ನೀರು ಕೇಳುವ ಬೆಳೆಗಳನ್ನು ಲೆಕ್ಕಕ್ಕಿಟ್ಟುಕೊಂಡು. ಅಲ್ಲಿ ಭತ್ತ, ಕಬ್ಬು ಬಂದ ಮೇಲೆ ಕೊನೆ ಭಾಗದ ರೈತರ ಪಾಲಿನ ಲೆಕ್ಕ ಹೀಗೆ ಕುಸಿಯಿತು. ಮೇಲಿನ ರೈತ ದುರಾಸೆಯವನೆಂದು ಬೈದು ಪ್ರಯೋಜನವಿಲ್ಲ. ನೀರಿನ ಕರ ಎಕರೆ ಮತ್ತು ಬೆಳೆಯ ಮೇಲಿದೆಯೇ ಹೊರತು ಹರಿದ ನೀರಿನ ಮೇಲಿಲ್ಲ. ಇನ್ನೊಂದು ಇಂಚು ಬಿಟ್ಟುಕೊಂಡರೆ ಅವನಿಗೆ ಒಂದು ಪೈಸೆಯೂ ಹೆಚ್ಚು ಬೀಳದು. ಮುಂದಿನ ವಾರ ಬರುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಯಾರಾದರೂ ಇವತ್ತೇ ತುಂಬಿಸಿಕೊಳ್ಳುತ್ತಾರೆ.

ಪಾಳಿ ಪಟ್ಟಿ ಮುರಿಯುವುದು ಸಣ್ಣ ಸಂಗತಿಗಳಲ್ಲಿ. ಇಂಗುವ ನೀರೆಲ್ಲ ಕೊನೆಯವನ ಲೆಕ್ಕಕ್ಕೆ ಬಿದ್ದರೆ ಸಮಾನ ತಾಸು ಸಮಾನ ನೀರಾಗುವುದಿಲ್ಲ, ಅವನಿಗೆ ಎಕರೆಗೆ ಇಷ್ಟು ನಿಮಿಷ ಹೆಚ್ಚು ಎಂದು ಮೊದಲೇ ಬರೆಯಬೇಕು. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ಉಳಿದ ನೀರು ಕೊನೆಯ ಹೊಲಕ್ಕೇ ಇಳಿಯುತ್ತದೆ, ಅದನ್ನು ಅವನ ಲೆಕ್ಕದಲ್ಲಿ ಕಳೆಯಬೇಕು. ರಾತ್ರಿ ಪಾಳಿ ಸದಾ ಒಬ್ಬನಿಗೇ ಬಂದರೆ ಅವನು ನೀರು ಬಿಟ್ಟು ಮಲಗುತ್ತಾನೆ, ಹೊಲ ತುಂಬಿ ಹಳ್ಳಕ್ಕೆ ಹೋಗುತ್ತದೆ. ಪ್ರತಿ ಹಂಗಾಮಿಗೆ ಪಟ್ಟಿಯನ್ನು 12 ತಾಸು ಮುಂದೆ ಸರಿಸಿದರೆ ಹಗಲು–ರಾತ್ರಿ ಅದಲುಬದಲಾಗುತ್ತದೆ.

ಪಾಳಿಯ ದೊಡ್ಡ ಗುಣ ಬೇರೆಯೇ ಇದೆ. ಓಸ್ಟ್ರಮ್ ಇದನ್ನು ಒತ್ತಿ ಹೇಳಿದ್ದರು. ಮುಂದಿನ ಪಾಳಿಯವನು ಗಡಿಯಾರ ಹಿಡಿದು ಬದುವಿನಲ್ಲೇ ನಿಂತಿರುತ್ತಾನೆ. ಹತ್ತು ನಿಮಿಷ ತಡವಾದರೆ ನಷ್ಟ ನೇರ ಅವನದೇ. ಸಂಬಳವಿಲ್ಲದ ಕಾವಲುಗಾರ ಅವನು, ಅವನನ್ನು ಲಂಚ ಕೊಟ್ಟು ಒಲಿಸುವುದಕ್ಕೂ ಆಗುವುದಿಲ್ಲ. ದಂಡವೂ ಮೆಟ್ಟಿಲು ಮೆಟ್ಟಿಲಾಗಿರಬೇಕು: ಮೊದಲ ಸಲ ಕದ್ದ ನಿಮಿಷಗಳನ್ನು ಮುಂದಿನ ಪಾಳಿಯಲ್ಲಿ ಕಳೆಯುವುದು, ಮತ್ತೆ ಮಾಡಿದರೆ ಎರಡರಷ್ಟು, ಅದಕ್ಕೂ ಬಗ್ಗದಿದ್ದರೆ ಒಂದು ಪಾಳಿ ಪೂರಾ ರದ್ದು. ಮೊದಲ ತಪ್ಪಿಗೇ ಪೊಲೀಸ್ ಠಾಣೆ ಎಂದರೆ ಯಾರೂ ದೂರು ಕೊಡುವುದಿಲ್ಲ, ನಿಯಮ ಕಾಗದದಲ್ಲೇ ಉಳಿಯುತ್ತದೆ. ರಾಜ್ಯದ 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಕೊಟ್ಟಿದೆ. ಸಂಘ ಒಟ್ಟಾಗಿ ನೀರನ್ನು ಅಳತೆಯ ಮೇಲೆ ಪಡೆದು ಒಳಗೆ ತಾನೇ ಹಂಚಬೇಕೆಂಬುದು ಉದ್ದೇಶ. ವಿತರಣಾ ಕಾಲುವೆಯ ಬಾಯಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ಆ ಸಂಘಕ್ಕೆ ಹಂಚಲು ಏನಿದೆ ಎಂಬುದೇ ತಿಳಿಯುವುದಿಲ್ಲ.

ಮೇಲಿನವನಿಗೆ ಹೆಚ್ಚು ನೀರು ವರವೇ ಎಂದರೆ ಅದೂ ಅಲ್ಲ. ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು, ನೀರು ಬೇಗ ಕೆಳಗಿಳಿಯುವುದಿಲ್ಲ. ಹಂಗಾಮಿಗೊಂದಿಷ್ಟು ಏರುತ್ತ ನೆಲದೊಳಗಿನ ನೀರಿನ ಮಟ್ಟ ಐದಾರು ಅಡಿಗೆ ಬಂದಾಗ ಮಣ್ಣಿನ ಸಣ್ಣ ಸಂದುಗಳ ಮೂಲಕ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಹೊಲ ಸವಳು-ಜವಳಾಗುತ್ತದೆ. ಕೊನೆಯವನ ಬರ, ಮೇಲಿನವನ ಸವಳು ಎರಡಕ್ಕೂ ಕಾರಣ ಅದೇ ಹೆಚ್ಚುವರಿ ಇಂಚು. ರಿಪೇರಿ ಮತ್ತೆ ಸಾರ್ವಜನಿಕ ಸರಕಿನ ತೊಡಕಿಗೇ ಸಿಕ್ಕಿಕೊಳ್ಳುತ್ತದೆ. ಮೂರು–ನಾಲ್ಕು ಅಡಿ ಆಳದಲ್ಲಿ ರಂಧ್ರವಿರುವ, ಜಾಲರಿ ಸುತ್ತಿದ 80 ಮಿ.ಮೀ. ಪೈಪು ಹೂಳಿ ಬಸಿಯಲು ಬಿಡಬಹುದು, ಆದರೆ ಬಸಿದದ್ದು ಹಳ್ಳ ಮುಟ್ಟಬೇಕು. ನಡುವೆ ನಾಲ್ವರ ಹೊಲಗಳಿವೆ. ಅವರಲ್ಲೊಬ್ಬ ಬಸಿಗಾಲುವೆ ಮುಚ್ಚಿ ಉತ್ತರೆ ಮೇಲಿನ ಪೈಪುಗಳೆಲ್ಲ ತುಂಬಿ ನಿಲ್ಲುತ್ತವೆ. ನೀರು ಬಸಿಯದ ಹೊಲಕ್ಕೆ ಸವಳು ತಿದ್ದುವ ಜಿಪ್ಸಮ್ ಸುರಿದರೂ ದುಡ್ಡು ದಂಡ.

ಕೊಳವೆಯಲ್ಲಿ ನೀರು ಕೊಟ್ಟರೆ ಸರಕಿನ ಜಾತಿಯೇ ಸ್ವಲ್ಪ ಬದಲಾಗುತ್ತದೆ. ಹುನಗುಂದ ಭಾಗದ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಸಾಮೂಹಿಕ ಹನಿ ನೀರಾವರಿ ರೂಪಿಸಿದರು. ವಾಲ್ವ್ ಇರುವಲ್ಲಿ ಒಬ್ಬನಿಗೆ ನಿಲ್ಲಿಸಲೂಬಹುದು, ಅಳೆಯಲೂಬಹುದು. ಆದರೂ ಫಿಲ್ಟರ್ ತೊಳೆಯುವುದು, ಒಡೆದ ಉಪಕೊಳವೆ ಬದಲಿಸುವುದು ಎಲ್ಲರ ಕೆಲಸವಾಗಿಯೇ ಉಳಿಯುತ್ತದೆ.

ಅಂತರ್ಜಲದಲ್ಲಿ ಪಾಳಿಯ ಕಾವಲುಗಾರನೂ ಇಲ್ಲ. ವಿಜಯಪುರದ ನೆಲದಡಿ ಇರುವುದು ಬಸಾಲ್ಟ್ ಕಲ್ಲು. ಅದರ ಬಿರುಕುಗಳಲ್ಲಿ ನೂರು ಪಾಲಿಗೆ ಒಂದೆರಡು ಪಾಲು ಮಾತ್ರ ನೀರು ಹಿಡಿಯುತ್ತದೆ. ನೂರಕ್ಕೆ ಎರಡು ಎಂದರೆ, 100 ಮಿ.ಮೀ. ಎತ್ತಿದರೆ ಮಟ್ಟ 5 ಮೀಟರ್ ಕುಸಿಯುತ್ತದೆ. ಪಕ್ಕದವನು 500 ಅಡಿ ಕೊರೆಸಿದರೆ ನಾನು 700 ಕೊರೆಸುತ್ತೇನೆ, ಕಲ್ಲಿನಲ್ಲಿರುವ ನೀರು ಅಷ್ಟೇ. ಕೆರೆ ತುಂಬಿಸುವ ಯೋಜನೆಗಳು ಸುತ್ತಲಿನ ಬಾವಿಗಳಿಗೆ ಜೀವ ಕೊಟ್ಟಿವೆ, ಅದು ಒಳ್ಳೆಯ ಕೆಲಸ. ಆದರೆ ಮೇಲೆ ಬಂದ ನೀರಿಗೆ ಕಟ್ಟುಪಾಡು ಇಲ್ಲದಿದ್ದರೆ ಹೊಸ ಬೋರ್‌ಗಳು ಅದನ್ನು ಹೀರಿಕೊಳ್ಳುತ್ತವೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ, ಆದ್ದರಿಂದ ಬಿಲ್ಲಿನ ಭಯವೂ ಕೈಹಿಡಿಯದು.

ಇಲ್ಲಿ ಜನ ನಿಜವಾಗಿ ಒಂದಾಗುವ ಜಾಗ ಒಂದಿದೆ, ಟಿಸಿ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಎಲ್ಲರ ಬೆಳೆಯೂ ಒಣಗುತ್ತದೆ. 63 ಕೆವಿಎ ಭಾರ ಹೊರಬಲ್ಲ ಟಿಸಿಯ ಮೇಲೆ 10 ಎಚ್‌ಪಿಯ ಆರು ಪಂಪುಗಳಿವೆ ಎಂದುಕೊಳ್ಳಿ. ಮೋಟರಿನ ದಕ್ಷತೆ ಮತ್ತು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಎರಡೂ 0.8 ಎಂದಿಟ್ಟರೆ ಒಟ್ಟು ಭಾರ 70 ಕೆವಿಎ, ಟಿಸಿ ಬಿಸಿಯೇರುತ್ತದೆ. ಕೆಲಸಕ್ಕೆ ಬಾರದ ಕರೆಂಟಿನ ಎಳೆತವನ್ನು ತಗ್ಗಿಸುವ ಸಾಧನ ಕೆಪಾಸಿಟರ್. ಪ್ರತಿ ಪಂಪಿಗೂ 4 ಕೆವಿಎಆರ್ ಅಳತೆಯದನ್ನು ಹಾಕಿದರೆ ಅದೇ ಭಾರ 59ಕ್ಕೆ ಇಳಿಯುತ್ತದೆ. ಒಬ್ಬನೇ ಹಾಕಿದರೆ 68, ಅವನ ಖರ್ಚು ನೀರಿಗೆ ಬಿತ್ತು. ಮೂವರು ಹಾಕಿದರೂ 63 ದಾಟುತ್ತದೆ, ನಾಲ್ವರು ಹಾಕಿದರೆ 62ರ ಆಸುಪಾಸು ಬಂದು ಟಿಸಿ ಉಳಿಯುತ್ತದೆ. ಆರರಲ್ಲಿ ನಾಲ್ವರು ಸಾಕು ಎಂದ ಮೇಲೆ ಹಾಕದ ಆ ಇಬ್ಬರು ನಾವೇ ಆಗೋಣ ಎಂದು ಆರೂ ಜನ ಕಾಯುತ್ತಾರೆ. ಆಟೋ ಸ್ಟಾರ್ಟರ್ ಇದಕ್ಕಿಂತ ಕೆಟ್ಟದ್ದು. ಕರೆಂಟು ಬಂದ ಕ್ಷಣ ಆರೂ ಮೋಟರು ಒಟ್ಟಿಗೆ ಎದ್ದು, ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತವೆ.

ಕೆಪಾಸಿಟರ್ ಹಾಕಿ ಎಂದು ಒಬ್ಬೊಬ್ಬರಿಗೇ ಹೇಳಿದರೆ ಇದು ಬಗೆಹರಿಯುವುದಿಲ್ಲ. ಟಿಸಿ ಇಳಿಸಿ ಏರಿಸಲು ಹೇಗೂ ವಂತಿಗೆ ಕೂಡುತ್ತದೆ. ಆ ವಂತಿಗೆಯಲ್ಲೇ ಆರು ಕೆಪಾಸಿಟರನ್ನೂ ಒಟ್ಟಿಗೆ ಕೊಳ್ಳಬೇಕು, ಆರೂ ಜನರ ಪಾಲು ಕೈಗೆ ಬರುವ ತನಕ ಯಾರ ದುಡ್ಡನ್ನೂ ಖರ್ಚು ಮಾಡುವುದಿಲ್ಲ ಎಂಬ ಷರತ್ತಿನೊಂದಿಗೆ. ಒಬ್ಬ ಹಿಂದೆ ಸರಿದರೆ ಉಳಿದವರ ಹಣ ವಾಪಸ್ಸಾಗುತ್ತದೆ, ಕೊಟ್ಟು ಕೆಟ್ಟೆ ಎಂಬ ಭಯ ಯಾರಿಗೂ ಇರುವುದಿಲ್ಲ. ಪಂಪುಗಳನ್ನು ಮೂರು ಮೂರರಂತೆ ಎರಡು ಪಾಳಿ ಮಾಡಿದರೆ ಟಿಸಿಯ ಮೇಲಿನ ಭಾರ ಅರ್ಧವಾಗುತ್ತದೆ, ಕಲ್ಲಿನ ಬಿರುಕಿಗೂ ನೀರು ತುಂಬಿಕೊಳ್ಳಲು ಕೆಲವು ತಾಸು ಸಿಗುತ್ತದೆ. ಆಟೋ ಸ್ಟಾರ್ಟರ್ ಬಿಡಲೊಪ್ಪದವರು ಅದಕ್ಕೆ ತಡ ಮಾಡಿ ಹೊತ್ತಿಸುವ ಟೈಮರ್ ಸೇರಿಸಿ, ಮೊದಲನೆಯದಕ್ಕೆ ಒಂದು ನಿಮಿಷ, ಎರಡನೆಯದಕ್ಕೆ ಎರಡು, ಹೀಗೆ ಅಂತರ ಕೊಡಬಹುದು. ಯಾವ ಪಂಪು ಎಷ್ಟನೆಯದು ಎಂಬ ಪಟ್ಟಿಯನ್ನು ಟಿಸಿ ಕಂಬಕ್ಕೇ ಬರೆದು ಅಂಟಿಸಬೇಕು.