‘ಬೇಡ’ ಎನ್ನಲು ಅರವತ್ತು ದಿನ

ಬೆಂಗಳೂರಿನಲ್ಲಿ ಇಂದು ಮನೆ ಕಟ್ಟಲು ಹೊರಟವರ ನಿವೇಶನ ವಸತಿಯ ಹಳದಿ ಬಣ್ಣದಲ್ಲಿದೆಯೋ ಉದ್ಯಾನದ ಹಸಿರಿನಲ್ಲಿದೆಯೋ ಎಂದು ನೋಡಬೇಕಾದದ್ದು, 2007ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು 2015ಕ್ಕೇ ಗುರಿವರ್ಷ ಮುಗಿಸಿದ ನಗರ ಮಹಾಯೋಜನೆಯ ನಕ್ಷೆಯಲ್ಲಿ. ಅದರ ಜಾಗಕ್ಕೆ ಇನ್ನೊಂದು ಏಕೆ ಬರಲಿಲ್ಲ ಎಂದು ಹುಡುಕುತ್ತಾ ಹೋದರೆ, ಯೋಜನೆ ಮಾಡುವಾಗ ಊರಿನವರನ್ನು ಯಾವ ಹಂತದಲ್ಲಿ ಕೇಳಬೇಕು ಎಂಬ ಹಳೆಯ ತಕರಾರಿಗೇ ಬಂದು ನಿಲ್ಲುತ್ತೇವೆ.

1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಇದಕ್ಕಿರುವ ಉತ್ತರ ಚಿಕ್ಕದು: ಕರಡು ಸಿದ್ಧವಾಗಿ ಪ್ರಕಟವಾದ ಮೇಲೆ, 60 ದಿನಗಳೊಳಗೆ. 1945ರ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹೋಗಿ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದಿತು, ಯೋಜನೆಗಳು 1984, 1995, 2007ರಲ್ಲಿ ಒಂದರ ಹಿಂದೊಂದು ಬಂದವು, ಆದರೆ ಮೊದಲು ಬರೆದು ಆಮೇಲೆ ಕೇಳುವ ಕ್ರಮ ಹಾಗೆಯೇ ಉಳಿಯಿತು.

ನಡುವೆ, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಈ ಕ್ರಮವನ್ನು ತಲೆಕೆಳಗು ಮಾಡುವಂತಿತ್ತು. ಪುರಸಭೆ–ಪಾಲಿಕೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ನಗರ ಯೋಜನೆಯೇ ಮೊದಲನೆಯದು. ಮೂರು ಲಕ್ಷ ದಾಟಿದ ಊರಿಗೆ ವಾರ್ಡ್ ಸಮಿತಿ, ಹತ್ತು ಲಕ್ಷ ದಾಟಿದ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ ಕಡ್ಡಾಯ, ಎರಡನೆಯದರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರು ಚುನಾಯಿತರಿರಬೇಕು. ಬೆಂಗಳೂರಿಗೆ ಆ ಸಮಿತಿ ರಚನೆಯಾದದ್ದು 2014ರಲ್ಲಿ. ನಕ್ಷೆ ಬರೆಯುವ ಕೆಲಸ ಆಮೇಲೂ ಬಿಡಿಎಯಲ್ಲೇ ಉಳಿಯಿತು.

ಹೀಗಿರುವಾಗ ಬಂದದ್ದು 2016ರ ಅಕ್ಟೋಬರ್. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ, ವೆಚ್ಚ ಸುಮಾರು 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರಗಳು ಎಂಟುನೂರಕ್ಕೂ ಹೆಚ್ಚು. ಆ ತಿಂಗಳ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಮಂದಿ ಆ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. ಘೋಷಣೆ ಒಂದೇ ಪದದ್ದು: ‘ಬೇಡ’. ಕನ್ನಡ ಬಾರದವರ ಬಾಯಲ್ಲೂ ಅಂದು ಆ ಪದ ಸಲೀಸಾಗಿ ಹೊರಳಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ಗುಂಪು ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂದೂ ಕೂಗಿತ್ತು. ಆ ಬೇಡಿಕೆ ಅದಕ್ಕೂ ಬಹಳ ಹಳೆಯದು, ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರಲ್ಲಿ. ‘ಬೇಡ’ಕ್ಕೆ ಐದು ತಿಂಗಳು ಸಾಕಾಯಿತು, ‘ಬೇಕು’ ವರ್ಷಗಳನ್ನೇ ನುಂಗಿತು. ಎರಡನ್ನೂ ಬೀದಿಯಲ್ಲಿ ನಿಂತು ಹೇಳಬೇಕಾಯಿತೆಂಬುದೇ ಯೋಜನಾ ವ್ಯವಸ್ಥೆಯ ಬಗ್ಗೆ ಸಾಕಷ್ಟು ಹೇಳುತ್ತದೆ.

2031ರ ಮಹಾಯೋಜನೆಯ ಕರಡು ಹೊರಬಂದದ್ದು 2017ರ ನವೆಂಬರ್‌ನಲ್ಲಿ, ಈ ಬಿಸಿ ಆರುವ ಮೊದಲೇ. ತನ್ನ ಬೀದಿಯನ್ನು ಅದರಲ್ಲಿ ಪತ್ತೆಹಚ್ಚುವುದೇ ಒಂದು ಸಾಹಸವಾಗಿತ್ತು: ಮೊದಲು ಯಾವ ಯೋಜನಾ ವಿಭಾಗವೆಂದು ತಿಳಿಯಬೇಕು, ಆಮೇಲೆ ಹಳೆಯ ಹಳ್ಳಿಯ ಹೆಸರು ಮತ್ತು ಸರ್ವೆ ನಂಬರ್ ಹಿಡಿದು ಬಣ್ಣಗಳ ನಡುವೆ ತಡಕಾಡಬೇಕು. ಮೂವತ್ತು ವರ್ಷ ‘ನಾಲ್ಕನೇ ಅಡ್ಡರಸ್ತೆ’ ಎಂದು ವಿಳಾಸ ಬರೆದವರಿಗೆ ಸರ್ವೆ ನಂಬರ್ ಎಲ್ಲಿಂದ ನೆನಪಿರಬೇಕು? ಆದರೂ 2018ರ ಜನವರಿಯೊಳಗೆ ಸಾವಿರಾರು ಆಕ್ಷೇಪಣೆಗಳು ಬಂದವು. ಕೆರೆ ಅಂಚಿನಲ್ಲಿ ಏನೂ ಕಟ್ಟದೆ ಬಿಡಬೇಕಾದ ಮೀಸಲು ಜಾಗದ ಅಳತೆ ಹಸಿರು ನ್ಯಾಯಮಂಡಳಿಯ ಆದೇಶದಂತೆ 75 ಮೀಟರೋ ಹಿಂದಿನಂತೆ 30 ಮೀಟರೋ ಎಂಬ ವ್ಯಾಜ್ಯವೂ 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸುವವರೆಗೆ ಮುಗಿಯಲಿಲ್ಲ. 2020ರಲ್ಲಿ ಕರಡನ್ನೇ ಹಿಂಪಡೆಯಲಾಯಿತು. ಆಕ್ಷೇಪಣೆಗಳನ್ನು ಓದಿ ತಿದ್ದುವ ಬದಲು ಮೊದಲಿನಿಂದ ಶುರುಮಾಡುವುದು ಸುಲಭವೆಂದು ತೋರಿದ್ದಿರಬಹುದು.

ವಾರ್ಡ್ ಸಮಿತಿಗಳ ಕಥೆಯನ್ನು ಬೇಗ ಹೇಳಬಹುದು. ಹೈಕೋರ್ಟ್ ಪದೇ ಪದೇ ಕೇಳಿದ ಮೇಲೆ, ತಿಂಗಳ ಮೊದಲ ಶನಿವಾರ ಸಭೆ ಸೇರುವ ರೂಢಿ ಬಂದಿತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಬೀದಿದೀಪ, ಕಸ, ಮೋರಿಗಳ ಬಗ್ಗೆ ಮಾತಾಡಬಹುದಿತ್ತು, ಮಹಾಯೋಜನೆಯ ಬಗ್ಗೆ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಾಗ ಸಮಿತಿಗಳ ಅಧ್ಯಕ್ಷರಾಗಿದ್ದ ಕಾರ್ಪೊರೇಟರ್‌ಗಳೂ ಮಾಜಿಗಳಾದರು, ಅವರ ಜಾಗದಲ್ಲಿ ನೋಡಲ್ ಅಧಿಕಾರಿಗಳು ಕುಳಿತರು.

2025ರ ಮೇ ತಿಂಗಳಿನಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಲ್ಲಿದೆ. ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ವಾರ್ಡ್ ಸಮಿತಿಗಳಿಗೆ ಈ ಕಾಯ್ದೆಯಲ್ಲೂ ಜಾಗವಿದೆ. ಮುಂದಿನ ಕರಡಿನ ಮೊದಲ ಗೆರೆ ಎಳೆಯುವ ಮುನ್ನವೇ ಅವುಗಳಿಗೆ ಕರೆ ಹೋಗುತ್ತದೆಯೋ, ಇಲ್ಲವೇ ಮತ್ತೆ ಅರವತ್ತು ದಿನಗಳ ಜಾಹೀರಾತು ಬರುತ್ತದೆಯೋ ಎಂಬುದಷ್ಟೇ ಉಳಿದಿರುವ ಪ್ರಶ್ನೆ.