ತೂತಿನಷ್ಟು ದಪ್ಪ ನೀರು ಬರುವುದಿಲ್ಲ

ಪ್ರಾಜೆಕ್ಟ್ ಸಮಯ ಬಂತೆಂದರೆ ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಪ್ರತಿ ವರ್ಷ ಇದೇ ಕಥೆ. ಟ್ಯಾಂಕಿನ ಪಕ್ಕಕ್ಕೆ ಕೂರಿಸಿದ ತಗಡಿನಲ್ಲಿ 10 ಮಿ.ಮೀ. ತೂತು. ಅದರ ಮೇಲೆ 1 ಮೀಟರ್ ನೀರು. ನೀರು ಸೆಕೆಂಡಿಗೆ 4.43 ಮೀಟರ್ ವೇಗದಲ್ಲಿ ಬರಬೇಕು, 10 ಲೀಟರಿನ ಬಕೆಟ್ 29 ಸೆಕೆಂಡಿನಲ್ಲಿ ತುಂಬಬೇಕು ಅಂತ ಹುಡುಗರು ಲೆಕ್ಕ ಹಾಕುತ್ತಾರೆ. ಸ್ಟಾಪ್‌ವಾಚ್ ಹಿಡಿದರೆ 46 ಸೆಕೆಂಡ್! "ಸರ, ಏನೋ ತಪ್ಪಾಗೇತ್ರಿ" ಅಂತ ನಾಲ್ಕು ಸಲ ಅಳೆಯುತ್ತಾರೆ. ಕೊನೆಗೆ ರೆಕಾರ್ಡ್ ತೆಗೆದು ನೋಡಿದರೆ 30, 31, 30 ಅಂತ ಬರೆದಿರುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಆ 46 ಸರಿಯಾದ ಅಳತೆ. ಅದನ್ನೇ ಅಳಿಸಿಬಿಟ್ಟಿರಲ್ಲ!

ತೂತಿನಷ್ಟೇ ದಪ್ಪಗೆ ನೀರು ಬರುತ್ತದೆ ಅನ್ನುವುದೇ ತಪ್ಪು. ಟ್ಯಾಂಕಿನೊಳಗೆ ನೀರು ತೂತಿಗೆ ನೇರವಾಗಿ ಮಾತ್ರ ಬರುವುದಿಲ್ಲ. ತಗಡಿನ ಗುಂಟ ನಾಲ್ಕೂ ಕಡೆಯಿಂದ ಹರಿದು ಬರುತ್ತದೆ. ಚನ್ನಮ್ಮ ಸರ್ಕಲ್ಲಿನಲ್ಲಿ ಜೋರಾಗಿ ಬಂದ ಬೈಕು ಮೂಲೆಗೆ ಅಂಟಿಕೊಂಡು ತಿರುಗಲು ಆಗುತ್ತದಾ? ಸ್ವಲ್ಪ ಆಚೆ ಹೋಗಿಯೇ ತಿರುಗಬೇಕು ಅಲ್ವಾ? ನೀರೂ ಹಾಗೆಯೇ. ಅಂಚಿನಿಂದ ಬಂದ ನೀರು ಒಳಮುಖವಾಗಿ ನುಗ್ಗಿ, ತೂತು ದಾಟಿದ ಮೇಲೆ ನೇರವಾಗುತ್ತದೆ. ಅಷ್ಟರಲ್ಲಿ ಜೆಟ್, ಅಂದರೆ ಹೊರಗೆ ಚಿಮ್ಮುವ ನೀರಿನ ಧಾರೆ, ಸಣ್ಣಗಾಗಿರುತ್ತದೆ. ತಗಡಿನಿಂದ ಸುಮಾರು 5 ಮಿ.ಮೀ. ಆಚೆ ನೋಡಿ, ದಪ್ಪ 8 ಮಿ.ಮೀ. ಆಸುಪಾಸು ಇರುತ್ತದೆ. ವೇಗದ ಸೂತ್ರವನ್ನು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲೇ ಕೊಟ್ಟಿದ್ದ. ಜೆಟ್ ಹೀಗೆ ಕುಗ್ಗುವುದನ್ನು 1713ರಲ್ಲಿ ನ್ಯೂಟನ್ ಲೆಕ್ಕಕ್ಕೆ ತಂದ.

ವೇಗವೇ ಕಮ್ಮಿಯಾಗಿರಬಹುದಲ್ಲ ಅಂತ ಕೇಳುವವರಿಗೆ ನಾನು ಒಂದು ಅಳತೆಪಟ್ಟಿ ಕೊಡುತ್ತೇನೆ. ಜೆಟ್ ಅಡ್ಡಕ್ಕೆ ಹಾರಿ ಅರ್ಧ ಮೀಟರ್ ಕೆಳಗಿಳಿಯುವಾಗ ಎಷ್ಟು ದೂರ ಹೋಗಿದೆ ಅಂತ ಅಳೆಯಿರಿ. ಲೆಕ್ಕದ ಪ್ರಕಾರ 141 ಸೆಂ.ಮೀ. ಸಿಗುವುದು ಸುಮಾರು 138. ಅಂದರೆ ವೇಗ ಹೆಚ್ಚುಕಮ್ಮಿ ಪೂರ್ತಿ ಇದೆ. ಕಮ್ಮಿಯಾಗಿದ್ದು ದಪ್ಪ. ಎರಡೂ ಸೇರಿ ಲೆಕ್ಕದ 100ರಲ್ಲಿ 62ರಷ್ಟು ನೀರು ಸಿಗುತ್ತದೆ. ದಪ್ಪ ಅಳೆಯಲು ಕ್ಯಾಲಿಪರ್ ಮಾತ್ರ ಜೆಟ್ಟಿಗೆ ತಾಗಿಸಬೇಡಿ. ತಾಗಿದ ಕೂಡಲೇ ನೀರು ಲೋಹಕ್ಕೆ ಅಂಟಿ ಜೆಟ್ ವಾಲುತ್ತದೆ.

ಒಂದು ಎಚ್ಚರಿಕೆ. ಈ 62 ಎಲ್ಲ ತೂತಿಗೂ ಹೊಂದುವುದಿಲ್ಲ. ತಗಡು ತೆಳ್ಳಗಿರಬೇಕು, ಟ್ಯಾಂಕಿನ ನೀರಿನ ಮಟ್ಟ ಇಳಿಯಬಾರದು, ಮುಖ್ಯವಾಗಿ ಒಳಗಿನ ಅಂಚು ಚೂಪಾಗಿರಬೇಕು. ಒಂದು ವರ್ಷ ಎಷ್ಟು ಸಲ ಅಳೆದರೂ 38 ಸೆಕೆಂಡ್ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ತಗಡು ಬಿಚ್ಚಿ ತೂತಿನ ಸುತ್ತ ಬೆರಳಾಡಿಸಿದೆ. ಬಳೆಯಂತೆ ನುಣುಪು! ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅದನ್ನು ಮಾಡಿಕೊಟ್ಟ ಲೇತ್ ಕಾಕಾನ ಹತ್ತಿರ ಹೋದೆ.

"ಅಂಚು ಕೈಗೆ ಹತ್ತತಿತ್ರಿ ಸರ, ಹುಡುಗೂರು ಕೈ ಕೊಯ್ಕೊಂಡಾರು ಅಂತ ಉಜ್ಜೀನ್ರಿ" ಅಂದರು.

ನಾನೇ ಸರಿಯಾಗಿ ಹೇಳಿರಲಿಲ್ಲ. ಅಂಚು ದುಂಡಗಾದರೆ ನೀರಿಗೆ ತಿರುಗಲು ಸುಲಭ, ಜೆಟ್ ಅಷ್ಟು ಕುಗ್ಗುವುದಿಲ್ಲ. ಚೆನ್ನಾಗಿ ದುಂಡಗೆ ಮಾಡಿದರೆ 97ರಷ್ಟೂ ನೀರು ಬರುತ್ತದೆ. ಅಲ್ಲೇ ಕೂತು ಒಂದು ಬಕೆಟ್ ನೀರು ತರಿಸಿ, ಕೈಯಲ್ಲೇ ತೋರಿಸಿ ಕಾಕಾನಿಗೆ ವಿವರಿಸಿದೆ. ಅವರು ಸುಮ್ಮನೆ ಕೇಳಿ, ಹೊಸ ತಗಡು ಹಿಡಿದರು. ನೀರಿನ ಕಡೆ ಅಂಚು ಬ್ಲೇಡಿನಂತೆ ಬಿಟ್ಟು, ಹೊರಗಿನ ಕಡೆ ಮಾತ್ರ ಇಳಿಜಾರಾಗಿ ಕೊರೆದರು. ಉಗುರು ಇಟ್ಟು ಚೂಪು ನೋಡಿದರು. ಆಮೇಲೆ ಒಂದು ಕಾಗದದಲ್ಲಿ ಸುತ್ತಿ, ಮೇಲೆ ಪೆನ್ನಿನಲ್ಲಿ ಬರೆದು ಕೊಟ್ಟರು: "ಉಜ್ಜಬಾರದು."