ಪಲ್ಲಕ್ಕಿಯಂಥ ಕಾರು, ರಟ್ಟಿನದಲ್ಲದ ಕಾರು

ಹಿಂದಿನ ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು "ಅದು ರಟ್ಟಿನ ಕಾರು ಅಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲವೇ ಅಲ್ಲ! ಅದರ ಹಂದರ ಉಕ್ಕಿನದು. ಮೇಲಿನ ಹೊದಿಕೆ ಮಾತ್ರ ಡ್ಯೂರೋಪ್ಲಾಸ್ಟ್. ಸೋವಿಯತ್ ಒಕ್ಕೂಟದಿಂದ ಬಂದ ಹತ್ತಿಯ ತ್ಯಾಜ್ಯಕ್ಕೆ ಫೀನಾಲ್ ರಾಳ ಸೇರಿಸಿ, ಕಾಯಿಸಿ, ಒತ್ತಿ ಮಾಡಿದ್ದು. ಹಳೇ ಮನೆಗಳ ಕಪ್ಪು ಬೇಕಲೈಟ್ ಸ್ವಿಚ್ಚು ನೋಡಿದ್ದೀರಲ್ಲ, ಅದೇ ಜಾತಿ. ಪೂರ್ವ ಜರ್ಮನಿಯಲ್ಲಿ ಉಕ್ಕಿನ ತಗಡಿಗೆ ಬರ ಇತ್ತು. ಅದಕ್ಕೇ ಈ ದಾರಿ ಹಿಡಿದರು. ಈ ಹೊದಿಕೆಗೆ ತುಕ್ಕು ಹಿಡಿಯುವ ಮಾತೇ ಇಲ್ಲ.

ಎಂಜಿನ್ನೂ ಅಷ್ಟೇ ಸರಳ. ಟ್ರಾಬಾಂಟ್ 601 ಮಾದರಿಯಲ್ಲಿ ಇದ್ದದ್ದು ಸುಮಾರು 600 ಸಿಸಿಯ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಶಕ್ತಿ 26 ಅಶ್ವಶಕ್ತಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ: ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಹಿಂದೆ ನೀಲಿ ಹೊಗೆ. ಟ್ಯಾಂಕು ಬಾನೆಟ್ಟಿನ ಒಳಗೆ, ಎಂಜಿನ್ನಿಗಿಂತ ಎತ್ತರದಲ್ಲಿ. ಪೆಟ್ರೋಲ್ ತಾನಾಗಿಯೇ ಕೆಳಗಿಳಿಯುತ್ತದೆ, ಪಂಪ್ ಬೇಡ. ಎಷ್ಟು ಉಳಿದಿದೆ ಎಂದು ನೋಡಲು ಬಾನೆಟ್ ಎತ್ತಿ, ಟ್ಯಾಂಕಿಗೆ ಕಡ್ಡಿ ಅದ್ದಬೇಕು.

ಇಂಥದೇ ಇನ್ನೊಂದು ಸರಳ ಕಾರು, ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಟೂಸಿವಿ (2CV), ಹುಟ್ಟಿದ್ದು ಬೇರೆಯದೇ ಅಗತ್ಯದಿಂದ. ಕಂಪನಿಯ ಮುಖ್ಯಸ್ಥ ಪಿಯೆರ್ ಬುಲಾಂಜೆಗೆ ಬೇಕಿದ್ದದ್ದು ಹಳ್ಳಿಯ ರೈತರ ಕಾರು. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. 1948ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದಾಗ ಅದರ ಎಂಜಿನ್ ಬರೀ 375 ಸಿಸಿ, 9 ಅಶ್ವಶಕ್ತಿ. ಜನ ನಕ್ಕರು. ನಕ್ಕವರು ಕಾರಿನ ಅಡಿಗೆ ಬಗ್ಗಿ ನೋಡಬೇಕಿತ್ತು!

ಅಲ್ಲಿ ಎರಡೂ ಬದಿಗೆ ಒಂದೊಂದು ಉದ್ದ ಕೊಳವೆ ಮಲಗಿದೆ. ಪ್ರತಿ ಕೊಳವೆಯೊಳಗೆ ಎರಡು ಸ್ಪ್ರಿಂಗ್. ಒಂದಕ್ಕೆ ಮುಂದಿನ ಚಕ್ರದ ತೋಳು, ಇನ್ನೊಂದಕ್ಕೆ ಹಿಂದಿನದು. ಮುಖ್ಯ ಗುಟ್ಟು ಏನೆಂದರೆ, ಕೊಳವೆಯನ್ನು ಬಿಗಿಯಾಗಿ ಕೂರಿಸಿಲ್ಲ, ಅದು ಹಿಂದೆ ಮುಂದೆ ಸರಿಯುತ್ತದೆ. ಮುಂದಿನ ಚಕ್ರ ದಿಣ್ಣೆ ಏರಿದರೆ ಅದರ ತೋಳು ಕೊಳವೆಯನ್ನು ಮುಂದಕ್ಕೆ ಎಳೆಯುತ್ತದೆ. ಅದೇ ಎಳೆತ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಆಗ ಕಾರಿನ ಹಿಂಭಾಗವೂ ಮೇಲೇಳುತ್ತದೆ, ಕಾರು ಮುಗ್ಗರಿಸುವುದಿಲ್ಲ.

ಪಲ್ಲಕ್ಕಿ ಹೊರುವವರನ್ನು ನೆನೆಸಿಕೊಳ್ಳಿ. ಮುಂದಿನವರು ಮೆಟ್ಟಿಲು ಹತ್ತಿದ ಕೂಡಲೇ ಹಿಂದಿನವರು ಹೆಗಲು ಎತ್ತಿ ಕೊಡುತ್ತಾರೆ. ದೇವರು ವಾಲುವುದಿಲ್ಲ. ತಲೆಯ ಮೇಲೆ ಕೊಡ ಹೊತ್ತವಳ ಮೊಣಕಾಲೂ ಹೀಗೇ. ಹಳ್ಳ ದಿಣ್ಣೆಯನ್ನೆಲ್ಲ ಕಾಲೇ ನುಂಗುತ್ತದೆ, ಮೇಲಿನ ನೀರು ತುಳುಕುವುದಿಲ್ಲ. ಟೂಸಿವಿಯಲ್ಲಿ ಆ ಹೆಗಲೂ ಮೊಣಕಾಲೂ ಒಂದು ಕೊಳವೆಯೊಳಗೆ ಸೇರಿಕೊಂಡಿವೆ. ಇದಕ್ಕೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ತಿರುವಿನಲ್ಲಿ ಕಾರು ದೋಣಿಯ ಹಾಗೆ ವಾಲುತ್ತದೆ, ನಿಜ. ಆದರೂ ಚಕ್ರಗಳು ನೆಲ ಬಿಡುವುದಿಲ್ಲ.

ಟ್ರಾಬಾಂಟಿನಲ್ಲಿ ಈ ಜಾಣತನ ಇಲ್ಲ. ಅಡ್ಡಕ್ಕೆ ಇಟ್ಟ ಲೀಫ್ ಸ್ಪ್ರಿಂಗು, ಅಷ್ಟೇ. ಕೆಟ್ಟ ರಸ್ತೆಗೆ ನಾನಂತೂ ಟೂಸಿವಿಯನ್ನೇ ಆರಿಸುತ್ತೇನೆ. ಆದರೆ ಪೂರ್ವ ಜರ್ಮನಿಯವರಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಹೊಸ ಟ್ರಾಬಾಂಟಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕಿತ್ತು. ಹೀಗಾಗಿ ಅಲ್ಲಿ ಹಳೇ ಕಾರಿಗೇ ಹೊಸದಕ್ಕಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಹಳೆಯದಾದರೆ ಹಣ ಕೊಟ್ಟ ದಿನವೇ ಮನೆಗೆ ಬರುತ್ತಿತ್ತಲ್ಲ!